ಎದುರಿನವ್ರಿಗೆ ಚೆಕ್ ಮಾಡೋಕಾಗದ ಜಾಗ: ಕೊಡಗಲ್ಲಿ ಸಣ್ಣ ವ್ಯಾಪಾರ ಮಾಡೋರಿಗೆ ನಿಯತ್ತಿನ ಗೈಡು

ಕುಶಾಲನಗರದಿಂದ ಮಡಿಕೇರಿಗೆ ಬರೋ ದಾರೀಲಿ ಒಂದ್ಸಲ ಬರೀ ಬೋರ್ಡ್ ಓದ್ಕೊಂಡು ಬನ್ನಿ. ಕೂರ್ಗ್ ಹನಿ, ಕೂರ್ಗ್ ಸ್ಪೈಸಸ್, ಹೋಮ್‌ಮೇಡ್ ಚಾಕ್ಲೇಟ್, ಹೋಮ್‌ಮೇಡ್ ವೈನ್, ಕೂರ್ಗ್ ಆರೆಂಜ್. ಇಷ್ಟು ಅಂಗಡಿ ತುಂಬೋಷ್ಟು ಜೇನು ಈ ಪುಟ್ಟ ಜಿಲ್ಲೇಲಿ ಎಲ್ಲಿಂದ ಬಂತು ಅಂತ ಟೂರಿಸ್ಟ್ ಕೇಳಲ್ಲ, ನಾವೂ ಹೇಳಲ್ಲ.

ನಂದೂ ಒಂದು ಅಂಗಡಿ ಇದೆ. ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಸೀಸನ್‌ನಲ್ಲಿ ಸ್ವಲ್ಪ ಕಾಚಂಪುಳಿ (ಅಡುಗೆಗೆ ಹಾಕೋ ಕಪ್ಪು ಹುಳಿ ರಸ). ಮನೆ ಹಿಂದೆ ನಾಲ್ಕೂವರೆ ಎಕರೆ ರೋಬಸ್ಟಾ ಕಾಫಿ, ಮನೆ ಮೇಲೆ ಎರಡು ರೂಮಿನ ಹೋಂಸ್ಟೇ. ಅಂದ್ರೆ ಮಾರೋನೂ ನಾನೇ, ಕೊಳ್ಳೋನೂ ನಾನೇ, ಕೂಲಿ ಕೊಡೋನೂ ನಾನೇ. ಮೊದಲ ವರ್ಷ ನಾನು ಮಾರ್ತಿದ್ದ ಪುಡೀಲಿ 30 ಪರ್ಸೆಂಟ್ ಚಿಕೋರಿ (ಕಾಫಿಗೆ ಬೆರೆಸೋ ಒಂದು ಬೇರಿನ ಪುಡಿ) ಇತ್ತು, ಪ್ಯಾಕೆಟ್ ಮೇಲೆ ಮಾತ್ರ ‘ಕೊಡಗಿನ ಶುದ್ಧ ಕಾಫಿ’ ಅಂತ ದೊಡ್ಡದಾಗಿ ಹಾಕ್ಸಿದ್ದೆ. ರಿಟೈರ್ಡ್ ಮೇಷ್ಟ್ರೊಬ್ರು ಬಂದು ‘ಏನಪ್ಪಾ, ಇದ್ರಲ್ಲಿ ಚಿಕೋರಿ ಎಷ್ಟು ಹಾಕ್ತೀಯ?’ ಅಂದ್ರು. ‘ಇಲ್ಲ ಸಾರ್, ಹಾಕೋದೇ ಇಲ್ಲ’ ಅಂದ್ಬಿಟ್ಟೆ. ಅವರು ಏನೂ ಅನ್ಲಿಲ್ಲ, ಕಾಲು ಕೆಜಿ ತಗೊಂಡು ಹೋದ್ರು. ಆಮೇಲೆ ಬರ್ಲೇ ಇಲ್ಲ. ಬಾಯಿಗೆ ರುಚಿ ಗೊತ್ತಾಗಲ್ವಾ ಅವ್ರಿಗೆ.

ಅವತ್ತಿಂದ ನನ್ನ ತಲೇಲಿ ಉಳಿದಿದ್ದು ಒಂದೇ ವಿಷ್ಯ. ಕಂಪನಿಗಳು ಎಥಿಕ್ಸ್ ಅಂತ ದೊಡ್ಡ ದೊಡ್ಡ ಪಟ್ಟಿ ಮಾಡಿ ಗೋಡೆಗೆ ಹಾಕ್ತಾರೆ, ನಮ್ಮಂಥ ಅಂಗಡಿಯವ್ರಿಗೆ ಅದೆಲ್ಲ ಯಾಕೆ. ಎದುರಿಗಿರೋರಿಗೆ ಚೆಕ್ ಮಾಡೋಕಾಗದೆ ನಮ್ಮ ಮಾತನ್ನೇ ನಂಬ್ಬೇಕಾದ ಜಾಗ ಯಾವ್ದೋ, ನಿಯತ್ತಿನ ಪರೀಕ್ಷೆ ಅಲ್ಲೇ ಆಗೋದು. ಟೀ ಅಂಗಡೀಲಿ ಟೀ ಸರಿ ಇಲ್ಲ ಅಂದ್ರೆ ಕುಡಿದೋರಿಗೆ ತಕ್ಷಣ ಗೊತ್ತಾಗತ್ತೆ, ಅಲ್ಲಿ ಮೋಸ ಮಾಡೋದು ಕಷ್ಟ. ತೂಕ, ಬೆರಕೆ, ಕೂಲಿ ಲೆಕ್ಕ, ರಾತ್ರಿ ಹೊಳೆಗೆ ಬಿಡೋ ಕಾಫಿ ತೊಳೆದ ನೀರು, ಇವು ಹಾಗಲ್ಲ.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್

200 ಪೇಜಿಂದು ಸಾಕು. ನಿಮ್ಮ ವ್ಯಾಪಾರದಲ್ಲಿ ಯಾರ್ಯಾರು ಬರ್ತಾರೋ ಒಬ್ಬೊಬ್ಬರಿಗೆ ಒಂದೊಂದು ಪೇಜ್ ಕೊಡಿ: ಗಿರಾಕಿ, ಮಾಲು ಕೊಡೋ ಬೆಳೆಗಾರ, ಕೆಲಸದೋರು, ಪಕ್ಕದ ತೋಟದೋರು, ರೂಮಿಗೆ ಬರೋ ಗೆಸ್ಟು. ಪ್ರತಿ ಪೇಜಲ್ಲೂ ಒಂದೇ ಪ್ರಶ್ನೆ, ಇವರು ಕಣ್ಣಾರೆ ನೋಡದೆ ನನ್ನನ್ನ ನಂಬಿರೋದು ಏನೇನು? ಬರೀತಾ ಹೋದ್ರೆ ಮೈ ಸ್ವಲ್ಪ ಬೆಚ್ಚಗಾಗತ್ತೆ, ನನಗಂತೂ ಮೊದಲ ದಿನವೇ 17 ಸಿಕ್ತು. ಆಮೇಲೆ ಒಂದೊಂದನ್ನೂ ಹೇಗೆ ಅವರ ಕಣ್ಣಿಗೆ ಬೀಳೋ ಹಾಗೆ ಮಾಡೋದು ಅಂತ ಯೋಚಿಸೋದು, ಗೈಡ್‌ನ ಉಳಿದಿದ್ದೆಲ್ಲ ಅಷ್ಟೇ.

ತೂಕ, ಆಮೇಲೆ ಓಟಿ

ಸುಲಭದ್ದು ಮೊದಲು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯಿಂದ ಮುದ್ರೆ ಹಾಕಿಸ್ಬೇಕು, ಸರ್ಟಿಫಿಕೇಟ್‌ನ ಗಿರಾಕಿಗೆ ಕಾಣೋ ಹಾಗೆ ತೂಗು ಹಾಕಿ. ತಕ್ಕಡಿ ಡಿಸ್‌ಪ್ಲೇ ಗಿರಾಕಿ ಕಡೆ ತಿರುಗಿರ್ಲಿ, ನಿಮ್ಮ ಕಡೆ ಅಲ್ಲ. ಪ್ಯಾಕೆಟ್ ಮೇಲೆ ಪ್ಯಾಕ್ ಮಾಡಿದೋರ ಹೆಸರು ಅಡ್ರೆಸ್, ನಿವ್ವಳ ತೂಕ, ತಿಂಗಳು ವರ್ಷ, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳೋಕೆ ಫೋನ್ ನಂಬರ್, ಇಷ್ಟು ಇರ್ಲೇಬೇಕು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್ ಮುಖ್ಯವಾಗಿ ಕೇಳೋದು ಇದನ್ನೇ.

ಕಾಫಿ ಹಣ್ಣು ಕುಯ್ಯೋ ಟೈಮಲ್ಲಿ ಕೆಜಿ ಲೆಕ್ಕದಲ್ಲಿ ಕೂಲಿ ಕೊಡೋರು ಇದನ್ನ ಗಮನ ಇಟ್ಟು ಓದಿ. ಸಾಯಂಕಾಲ ತೂಕ ಹಾಕುವಾಗ ಚೀಲದ ತೂಕ ಅಂತ 1 ಕೆಜಿ, 2 ಕೆಜಿ ಕಡಿಯೋ ಪದ್ಧತಿ ಎಷ್ಟೋ ತೋಟದಲ್ಲಿದೆ. ಖಾಲಿ ಪ್ಲಾಸ್ಟಿಕ್ ಚೀಲ ಒಂದ್ಸಲ ತಕ್ಕಡಿ ಮೇಲಿಟ್ಟು ನೋಡಿ, ಕಾಲು ಕೆಜಿನೂ ಬರಲ್ಲ. ಮಳೇಲಿ ನೆಂದಿದೆ ಅಂತ ಇನ್ನೊಂದು ಕೆಜಿ. ಒಬ್ಬೊಬ್ರಿಗೆ ದಿನಕ್ಕೆ ಇಷ್ಟೇ ಹೋದ್ರೂ ಸೀಸನ್ ಮುಗಿಯೋ ಹೊತ್ತಿಗೆ ಅದು ಅವ್ರ ಎಷ್ಟೋ ದಿನದ ಕೆಲಸ ಆಗಿರತ್ತೆ. ಖಾಲಿ ಚೀಲ ತೂಗಿ ಅಷ್ಟೇ ಕಡಿಯಿರಿ, ಅರ್ಧ ಕೆಜಿನೂ ಬರೀರಿ, ತೋಟದ ಲೆಕ್ಕ ಬರೆಯೋ ರೈಟ್ರ ಪುಸ್ತಕದ ಜೊತೆ ಕುಯ್ಯೋರ ಕೈಗೂ ಒಂದು ಚೀಟಿ ಕೊಡಿ. ಓದೋಕೆ ಬರ್ದೇ ಇರೋರಿಗೆ ಬಾಯಲ್ಲಿ ಗಟ್ಟಿಯಾಗಿ ಹೇಳಿ, ಪಕ್ಕದಲ್ಲಿ ನಿಂತಿರೋರಿಗೆ ಕೇಳ್ಬೇಕು ಹಾಗೆ.

ಈಗ ಓಟಿ, ಅಂದ್ರೆ ಔಟ್ ಟರ್ನ್. ಕಾಫಿ ಗೊತ್ತಿಲ್ದೋರಿಗೆ ಹೇಳೋದಾದ್ರೆ, ಒಣಗಿದ ಚೆರ್ರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಚೀಲ ಸಿಪ್ಪೆ ತೆಗೆಸಿದ್ರೆ ಎಷ್ಟು ಕೆಜಿ ಬೀಜ ಸಿಗತ್ತೆ ಅನ್ನೋದೇ ಓಟಿ. 26, 27, 28 ಹೀಗೆ. ರೇಟ್ ಲೆಕ್ಕ ಹಾಕೋದು ಅದರ ಮೇಲೆ. ಸುಮ್ನೆ ಲೆಕ್ಕಕ್ಕೆ ಒಂದು ಪಾಯಿಂಟಿಗೆ 350 ರೂಪಾಯಿ ಅಂತ ಇಟ್ಕೊಳ್ಳಿ. 28 ಬಂದ್ರೆ ಚೀಲಕ್ಕೆ 9,800, 26 ಅಂದ್ರೆ 9,100. ಎರಡು ಪಾಯಿಂಟ್ ಅಂದ್ರೆ ಚೀಲಕ್ಕೆ 700 ಹೋಯ್ತು, 60 ಚೀಲ ಇರೋ ಸಣ್ಣ ಬೆಳೆಗಾರನಿಗೆ 42,000. ಸ್ಯಾಂಪಲ್ ತೆಗೆಯೋನು ಯಾರು, ಯಾವ ಚೀಲದಿಂದ ತೆಗೆದ, ತೇವ ಅಳೆಯೋ ಮಾಯಿಶ್ಚರ್ ಮೀಟರ್ ಸರಿ ಇದೆಯಾ, ಇದೆಲ್ಲ ಕೊಳ್ಳೋರ ಕೈಲಿರೋದ್ರಿಂದ ಬೆಳೆಗಾರ ಸುಮ್ನೆ ತಲೆ ಆಡಿಸ್ತಾನೆ.

ನೀವು ಕಾಫಿ ಕೊಳ್ಳೋರಾದ್ರೆ ಹೀಗೆ ಮಾಡಿ. ಒಂದೇ ಚೀಲದಿಂದ ಅಲ್ಲ, ಹತ್ತಾರು ಚೀಲದಿಂದ ಮೇಲಿಂದ, ಮಧ್ಯದಿಂದ, ತಳದಿಂದ ತೆಗೆದು ಬೆರೆಸಿ, ಬೆಳೆಗಾರನ ಎದುರಲ್ಲೇ ಸಿಪ್ಪೆ ತೆಗೆಸಿ, ತೂಗಿ ತೋರಿಸಿ. ಅದೇ ಸ್ಯಾಂಪಲಿನ ಇನ್ನೊಂದು ಭಾಗ ಕವರಲ್ಲಿ ಹಾಕಿ, ಇಬ್ಬರೂ ಸೈನ್ ಮಾಡಿ ಅವನ ಕೈಗೇ ಕೊಟ್ಟುಬಿಡಿ. ಬೇಕಾದ್ರೆ ಬೇರೆ ಕಡೆ ಚೆಕ್ ಮಾಡಿಸ್ಲಿ. ಬೆಳೆಗಾರರೂ ಸಾಚಾ ಅಂತ ನಾನು ಹೇಳ್ತಿಲ್ಲ. ಮೇಲೆ ಒಳ್ಳೆ ಮಾಲು ಇಟ್ಟು ತಳದಲ್ಲಿ ಸರಿಯಾಗಿ ಒಣಗದ ಚೆರ್ರಿ ತುಂಬೋರು ನಮ್ಮಲ್ಲೇ ಇದ್ದಾರೆ, ಕಣದಲ್ಲಿ ಇನ್ನೆರಡು ದಿನ ಬಿಟ್ಟಿದ್ರೆ ಆಗ್ತಿತ್ತು ಅಂತ ಗೊತ್ತಿದ್ದೂ ತುಂಬ್ತಾರೆ. ಆಮೇಲೆ ಬೂಷ್ಟು ಹಿಡಿದ್ರೆ ಟ್ರೇಡರ್‌ನ ಬೈಯೋದು.

ಲೇಬಲ್ಲು, ‘ಕೂರ್ಗ್’ ಅನ್ನೋ ಹೆಸರು

ಚಿಕೋರಿ ಹಾಕೋದು ತಪ್ಪೇ ಅಲ್ಲ. ಎಷ್ಟೋ ಜನಕ್ಕೆ ಆ ದಪ್ಪ ಡಿಕಾಕ್ಷನ್ನೇ ಬೇಕು. ಆದ್ರೆ ಆಹಾರ ಸುರಕ್ಷತೆ ನಿಯಮದ ಪ್ರಕಾರ ಚಿಕೋರಿ ಮಿಕ್ಸ್‌ನಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರ್ಬೇಕು, ಕಾಫಿ ಎಷ್ಟು ಚಿಕೋರಿ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆದಿರ್ಬೇಕು, ಆಹಾರ ಸುರಕ್ಷತೆ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರೂ ಇರ್ಬೇಕು. ಈಗ ನನ್ನ ಪ್ಯಾಕೆಟ್ ಮೇಲೆ ‘ಕಾಫಿ 70, ಚಿಕೋರಿ 30’ ಅಂತ ಹೆಸರಿನಷ್ಟೇ ದಪ್ಪಗೆ ಇದೆ. ಸೇಲ್ಸ್ ಶುರುವಲ್ಲಿ ಕಮ್ಮಿ ಆಯ್ತು, ಸುಳ್ಳು ಹೇಳಲ್ಲ, ಸುಮಾರು ಎಂಟು ತಿಂಗಳು ಕಮ್ಮೀನೇ ಇತ್ತು.

ಕರಿಮೆಣಸಲ್ಲಿ ಪಪ್ಪಾಯಿ ಬೀಜ ಬೆರೆಸೋದು ಹಳೇ ಕತೆ. ಒಂದು ಲೋಟ ನೀರಿಗೆ ಹಾಕಿದ್ರೆ ಬಲಿತ ಮೆಣಸು ಮುಳುಗತ್ತೆ, ಪಪ್ಪಾಯಿ ಬೀಜ ತೇಲತ್ತೆ. ಕೌಂಟರ್ ಮೇಲೆ ಒಂದು ಲೋಟ ನೀರು ಇಟ್ಟುಬಿಡಿ, ಬೇಕಾದೋರು ಹಾಕಿ ನೋಡ್ಕೊಳ್ಲಿ. ಇದಕ್ಕಿಂತ ಕಣ್ಣಿಗೆ ಕಾಣದ್ದು ಯಾವ ಊರಿನ ಮೆಣಸು ಅನ್ನೋದು. ವಿಯೆಟ್ನಾಂನಿಂದ ಕಮ್ಮಿ ರೇಟಿಗೆ ಬಂದ ಮೆಣಸನ್ನ ಇಲ್ಲಿಯದರ ಜೊತೆ ಬೆರೆಸಿ ಮಾರ್ತಾರೆ ಅಂತ ಕೊಡಗಲ್ಲಿ ಬೆಳೆಗಾರರು ಬೀದಿಗಿಳಿದಿದ್ದು ನೆನಪಿರ್ಬೇಕು. ನೀರಿನ ಲೋಟದಲ್ಲಿ ಅದು ಗೊತ್ತಾಗಲ್ಲ. ಹೊರಗಿಂದ ತಂದ ಮಾಲನ್ನ ಹೊರಗಿಂದು ಅಂತ ಹೇಳಿ ಮಾರಿ, ರೇಟೂ ಹಾಗೇ ಇಡಿ, ಯಾರೂ ಬೇಡ ಅನ್ನಲ್ಲ. ‘ಕೂರ್ಗ್’ ಅಂತ ಬರೆದ ಕ್ಷಣದಿಂದ ನೀವು ಮಾರ್ತಿರೋದು ಮೆಣಸಿನ ಜೊತೆ ಇಡೀ ಜಿಲ್ಲೆಯ ಹೆಸರನ್ನೂ. ಕೊಡಗಿನ ಕಿತ್ತಳೆ, ಕೊಡಗಿನ ಹಸಿರು ಏಲಕ್ಕಿ, ಕೊಡಗಿನ ಅರೇಬಿಕಾ ಕಾಫಿ ಇವಕ್ಕೆ ಜಿಐ ಟ್ಯಾಗ್ (ಇಂಥ ಊರಿನ ಮಾಲು ಅನ್ನೋ ಸರ್ಕಾರಿ ಗುರುತು) ಇದೆ, ಆ ಹೆಸರು ಯಾರ ಒಬ್ಬರ ಅಪ್ಪನ ಆಸ್ತಿನೂ ಅಲ್ಲ.

ಜೇನಿನ ವಿಷ್ಯಕ್ಕೆ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇದರಲ್ಲಿ ಮಾರೋರೇ ಗಿರಾಕಿಗೆ ಸುಳ್ಳು ಪರೀಕ್ಷೆ ಕಲಿಸಿಕೊಟ್ಟಿದ್ದಾರೆ. ಬತ್ತಿ ಅದ್ದಿ ಬೆಂಕಿ ಹಚ್ಚಿ ತೋರಿಸೋದು, ನೀರಿಗೆ ಹಾಕಿ ಎಳೆ ಎಳೆಯಾಗಿ ಇಳಿಯತ್ತೆ ಅಂತ ತೋರಿಸೋದು. ದಪ್ಪ ಸಕ್ಕರೆ ಪಾಕನೂ ನೀರಲ್ಲಿ ಹಾಗೇ ಇಳಿಯತ್ತೆ. ಆಮೇಲೆ ಚಳೀಲಿ ಜೇನು ಹರಳುಗಟ್ಟಿದ್ರೆ ‘ಸಕ್ಕರೆ ಹಾಕಿದ್ದಾರೆ’ ಅಂತ ವಾಪಸ್ ತರ್ತಾರೆ, ಹರಳುಗಟ್ಟೋದು ಜೇನಿನ ಗುಣ, ಅದರಲ್ಲಿರೋ ಗ್ಲುಕೋಸ್ ಹಾಗೆ ಮಾಡತ್ತೆ. 1990ರ ದಶಕದ ಶುರುವಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ರೋಗ ಬಂದು ದಕ್ಷಿಣ ಭಾರತದ ಪೆಟ್ಟಿಗೆ ಜೇನುಕುಟುಂಬಗಳು ಬಹುಪಾಲು ನೆಲಕಚ್ಚಿದ್ವು. ಆದ್ರೂ ರೋಡ್ ಸೈಡಲ್ಲಿ ಬಾಟ್ಲಿಗೇನೂ ಬರ ಬಂದಿಲ್ಲ ನೋಡಿ. ಮಳೆಗಾಲದಲ್ಲಿ ಹುಳ ಬದುಕ್ಲಿ ಅಂತ ಸಕ್ಕರೆ ಪಾಕ ಕೊಡೋದು ಸರಿ, ಆ ಪಾಕದಿಂದ ಕಟ್ಟಿದ್ದನ್ನ ಹಿಂಡಿ ಜೇನು ಅಂತ ಮಾರೋದು ಸರಿಯಲ್ಲ. ನಿಮಗೆ ಯಾರ ಪೆಟ್ಟಿಗೇದು ಅಂತ ಗೊತ್ತಿಲ್ಲ ಅಂದ್ರೆ ಮಾರ್ಬೇಡಿ, ನಾನು ಜೇನು ಇಡೋದನ್ನೇ ಬಿಟ್ಟೆ. ಹೋಮ್‌ಮೇಡ್ ವೈನೂ ಅಷ್ಟೇ, ಅಬಕಾರಿ ಲೈಸೆನ್ಸ್ ಇಲ್ದೆ ಮಾರೋದು ಕಾನೂನಿಗೆ ವಿರುದ್ಧ, ಎಲ್ಲರೂ ಇಟ್ಟಿದ್ದಾರೆ ಅನ್ನೋದು ಉತ್ತರ ಅಲ್ಲ.

ಅಡ್ವಾನ್ಸು ಮತ್ತೆ ಲೈನ್ ಮನೆ

ಇದು ಬರೆಯೋಕೆ ಕಷ್ಟ, ಯಾಕಂದ್ರೆ ಓದೋರಲ್ಲಿ ಅರ್ಧ ಜನ ನನ್ನ ನೆಂಟರೇ ಇರ್ತಾರೆ.

ಲೈನ್ ಮನೇಲಿ, ಅಂದ್ರೆ ತೋಟದೊಳಗೆ ಮಾಲೀಕರು ಸಾಲಾಗಿ ಕಟ್ಟಿಸಿದ ಮನೇಲಿ ಇರೋ ಕೆಲಸದೋರಿಗೆ ಮದುವೆಗೆ, ಆಸ್ಪತ್ರೆಗೆ, ಹಬ್ಬಕ್ಕೆ ಅಂತ ಅಡ್ವಾನ್ಸ್ ಕೊಡ್ತೀವಿ. ಕೊಡೋದು ಒಳ್ಳೇದೇ, ಬ್ಯಾಂಕ್ ಅವ್ರಿಗೆ ಕೊಡಲ್ಲ. ಸಮಸ್ಯೆ ಶುರುವಾಗೋದು ಲೆಕ್ಕ ಒಂದೇ ಪುಸ್ತಕದಲ್ಲಿ, ಆ ಪುಸ್ತಕ ಸಾವ್ಕಾರ್ರ ಮನೇಲಿ ಇದ್ದಾಗ. ವಾರಕ್ಕಿಷ್ಟು ಕಡಿತ ಆಗತ್ತೆ, ಎಷ್ಟು ತೀರಿತು ಅಂತ ಅವ್ರಿಗೆ ಗೊತ್ತಿಲ್ಲ, ಮಧ್ಯೆ ಇನ್ನೊಂದು ಅಡ್ವಾನ್ಸ್, ‘ಸಾಲ ತೀರಿಸಿ ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು’ ಅನ್ನೋ ಮಾತು. ಸಾಲದ ಹೆಸರಲ್ಲಿ ಬೇರೆ ಕಡೆ ಕೆಲಸಕ್ಕೆ ಹೋಗೋಕೆ ಬಿಡದೆ ಹಿಡ್ಕೊಂಡ್ರೆ 1976ರ ಕಾಯ್ದೆ ಅದನ್ನ ಜೀತ ಅಂತ ಕರೆಯತ್ತೆ, ಆ ಸಾಲವೂ ಕಾನೂನಿನ ಕಣ್ಣಲ್ಲಿ ಉಳಿಯಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಜೀತ ಅಂದ್ರೆ ಹಳೇ ಕಾಲದ್ದು, ಸರಪಳಿ ಹಾಕಿರ್ತಾರೆ ಅನ್ನೋ ಕಲ್ಪನೆ. ಎರವರು, ಜೇನುಕುರುಬರಂಥ ಇಲ್ಲಿನ ಆದಿವಾಸಿಗಳು ತಲೆಮಾರಿಂದ ತಲೆಮಾರಿಗೆ ಅದೇ ಲೈನಲ್ಲಿ ಯಾಕೆ ಉಳಿದ್ರು ಅಂತ ಕೇಳಿದ್ರೆ ಆ ಪುಸ್ತಕನೇ ತೆಗೆದು ನೋಡ್ಬೇಕಾಗತ್ತೆ. 2016ರಲ್ಲಿ ಕೊಡಗಿನ ದಿಡ್ಡಳ್ಳಿ ಕಾಡಂಚಲ್ಲಿ ಗುಡಿಸಲು ಹಾಕಿದ್ದ ಆದಿವಾಸಿ ಕುಟುಂಬಗಳನ್ನ ಎಬ್ಬಿಸಿದಾಗ ಇಡೀ ರಾಜ್ಯಕ್ಕೆ ಸುದ್ದಿಯಾಯ್ತು. ತಮ್ಮದು ಅನ್ನೋ ಒಂದು ಮನೆ ಬೇಕು ಅನ್ನೋದು ಅಲ್ಲಿದ್ದ ದೊಡ್ಡ ಬೇಡಿಕೆ.

ನಾನು ಮಾಡ್ತಿರೋದು ಹೇಳ್ತೀನಿ. ಎರಡು ಪುಸ್ತಕ, ಒಂದು ನನ್ನ ಹತ್ರ, ಒಂದು ಅವ್ರ ಹತ್ರ, ಎರಡರಲ್ಲೂ ಒಂದೇ ಪೆನ್ನಿಂದ ಒಂದೇ ದಿನ ಬರೆಯೋದು. ಬಡ್ಡಿ ಇಲ್ಲ. ಒಟ್ಟು ಕಡಿತ ಕೂಲಿಯ ಅರ್ಧ ದಾಟಬಾರದು ಅಂತ ಕಾನೂನು ಇದೆ, ನಾನು ಕಾಲು ಭಾಗಕ್ಕೆ ನಿಲ್ಲಿಸ್ತೀನಿ, ಅರ್ಧ ಹೋದ್ರೆ ಉಳಿದಿದ್ರಲ್ಲಿ ಮನೆ ನಡೆಯಲ್ಲ. ಬಿಟ್ಟು ಹೋಗ್ತೀನಿ ಅಂದ್ರೆ ಹೋಗ್ಲಿ, ಉಳಿದ ದುಡ್ಡು ಕೈಗಡ ಅಷ್ಟೇ, ಕೊಡ್ತಾರೆ ಇಲ್ಲ ಬಿಡ್ತಾರೆ. ಎರಡು ಸಲ ಬಂದಿಲ್ಲ ನನಗೆ, ಒಟ್ಟು 11,000 ಹೋಯ್ತು, ಅದನ್ನ ಹೇಳ್ದೆ ಇದು ಸುಲಭ ಅಂತ ತೋರಿಸೋದು ತಪ್ಪಾಗತ್ತೆ. ಹೆಂಗಸರಿಗೂ ಗಂಡಸರಿಗೂ ಅದೇ ಕೆಲಸಕ್ಕೆ ಅದೇ ಕೂಲಿ. ‘ಗಂಡಸ್ರು ಚೀಲ ಹೊರ್ತಾರೆ’ ಅಂತ ವಾದ ಮಾಡ್ತಾರಲ್ಲ, ಚೀಲ ಹೊರೋ ದಿನಕ್ಕೆ ಬೇರೆ ಕೂಲಿ ಇಡಿ, ಕುಯ್ಯೋ ದಿನಕ್ಕೆ ಯಾಕೆ ವ್ಯತ್ಯಾಸ?

ಇನ್ನೊಂದು, ಲೈನ್ ಮನೆಗೆ ಕರೆಂಟು, ರೇಷನ್ ಕಾರ್ಡಿಗೆ ಅಡ್ರೆಸ್ಸು. ಒಪ್ಪಿಗೆ ಪತ್ರ ಕೊಟ್ರೆ ನಾಳೆ ಮನೆ ಅವ್ರದ್ದಾಗತ್ತೆ ಅನ್ನೋ ಭಯಕ್ಕೆ ಎಷ್ಟೋ ಮಾಲೀಕರು ಸೈನ್ ಮಾಡಲ್ಲ. ಆ ಒಂದು ಸೈನ್ ಇಲ್ದೆ ಮಗುವಿನ ಆಧಾರ್‌ನಿಂದ ಹಿಡಿದು ಎಲ್ಲಾ ನಿಲ್ಲತ್ತೆ. ಭಯ ಇದ್ರೆ ವಕೀಲರ ಹತ್ರ ಹೋಗಿ ಸರಿಯಾಗಿ ಪತ್ರ ಬರೆಸಿ ಕೊಡಿ, ಕೊಡದೆ ಇರ್ಬೇಡಿ. ಅಸ್ಸಾಂ, ಬಂಗಾಳದಿಂದ ಬಂದೋರ ಆಧಾರ್ ಒರಿಜಿನಲ್ ತೆಗೆದು ಬೀರೂಲಿ ಇಡೋರಿಗೂ ಇದೇ ಮಾತು, ಕಾಪಿ ಸಾಕು, ಒರಿಜಿನಲ್ ವಾಪಸ್ ಕೊಡಿ.

ಮಾತು ಕೊಟ್ಟ ಮೇಲೆ ರೇಟ್ ಏರಿದ್ರೆ

2024ರಲ್ಲಿ ರೋಬಸ್ಟಾ ರೇಟ್ ಹುಚ್ಚೆದ್ದು ಏರಿತಲ್ಲ, ಆಗ ವಿಯೆಟ್ನಾಂನಲ್ಲಿ ಮೊದಲೇ ಒಪ್ಪಿದ್ದ ರೇಟಿಗೆ ಮಾಲು ಕೊಡದೆ ಎಷ್ಟೋ ಬೆಳೆಗಾರರು, ಮಧ್ಯವರ್ತಿಗಳು ಕೈ ಎತ್ತಿದ್ರು ಅಂತ ಸುದ್ದಿ ಬಂತು. ಇಲ್ಲೂ ಅದೇ ಪ್ರಶ್ನೆ ಎಲ್ಲರ ಜಗಲೀಲಿ. ನಾನು 15 ಚೀಲಕ್ಕೆ ಬಾಯಿ ಮಾತಲ್ಲಿ ರೇಟ್ ಒಪ್ಪಿದ್ದೆ, ಕುಯ್ಲು ಮುಗಿಯೋ ಹೊತ್ತಿಗೆ ಮಾರ್ಕೆಟ್ ಎಲ್ಲೋ ಹೋಗಿತ್ತು. 15 ಚೀಲನೂ ಕೊಟ್ಟೆ. ಖುಷಿಯಿಂದ ಕೊಟ್ಟೆ ಅಂತ ಅಲ್ಲ, ಎರಡು ದಿನ ಮನೇಲಿ ಯಾರ ಹತ್ರನೂ ನೆಟ್ಟಗೆ ಮಾತಾಡಿಲ್ಲ. ಟ್ರೇಡರ್ ಅದಕ್ಕೇನು ಬಹುಮಾನ ಕೊಡ್ಲಿಲ್ಲ, ಮಾರನೇ ವರ್ಷ ಓಟಿ ಎಂದಿನ ಹಾಗೇ ಬಿಗಿಯಾಗೇ ನೋಡಿದ.

ಅದಕ್ಕೇ ಬಾಯಿ ಮಾತು ಬೇಡ. ಒಂದು ಹಾಳೇಲಿ ಎಷ್ಟು ಚೀಲ, ಯಾವ ಓಟಿಗೆ ಯಾವ ರೇಟು, ಯಾವ ದಿನದೊಳಗೆ, ದುಡ್ಡು ಯಾವತ್ತು ಬರತ್ತೆ ಅಂತ ಬರ್ಕೊಳ್ಳಿ. ರೇಟು ಇಂತಿಷ್ಟಕ್ಕಿಂತ ಮೇಲೆ ಹೋದ್ರೂ ಕೆಳಗೆ ಬಿದ್ರೂ ವ್ಯತ್ಯಾಸ ಇಬ್ಬರಿಗೂ ಅರ್ಧರ್ಧ ಅಂತ ಶುರುವಲ್ಲೇ ಸೇರಿಸಿದ್ರೆ ಇನ್ನೂ ಒಳ್ಳೇದು, ರೇಟ್ ಏರಿದ ಮೇಲೆ ಅದನ್ನ ಮಾತಾಡೋಕೆ ಯಾರಿಗೂ ಬಾಯಿ ಬರಲ್ಲ.

ಮಾಲು ಇಟ್ಕೊಳ್ಳೋ ಟ್ರೇಡರ್‌ಗಳು ಇನ್ನೊಂದು ಕೇಳಿಸ್ಕೊಳ್ಳಿ. ರೇಟ್ ಫಿಕ್ಸ್ ಮಾಡದೆ ‘ಒಳ್ಳೆ ರೇಟ್ ಬಂದಾಗ ಹೇಳ್ತೀನಿ’ ಅಂತ ಬೆಳೆಗಾರರು ಕಾಫಿ ಬಿಟ್ಟು ಹೋಗ್ತಾರೆ. ಅದು ಅವ್ರ ಮಾಲು, ನಿಮ್ಮ ಬಂಡವಾಳ ಅಲ್ಲ. ನಮ್ಮಪ್ಪ ಹಾಗೆ 22 ಚೀಲ ಒಬ್ಬರ ಹತ್ರ ಬಿಟ್ಟಿದ್ರು, ಅವರು ಅದನ್ನ ಮಾರಿ ಬೇರೆ ಸಾಲ ತೀರಿಸಿದ್ರು, ರೇಟ್ ಏರಿದಾಗ ವಾಪಸ್ ಕೊಡೋಕೆ ಮಾಲೂ ಇಲ್ಲ ದುಡ್ಡೂ ಇಲ್ಲ, ಒಂದು ದಿನ ಶಟರ್ ಎಳೆದಿತ್ತು. ಬಹುಶಃ ಅವರಿಗೂ ಮೋಸ ಮಾಡೋ ಉದ್ದೇಶ ಇರ್ಲಿಲ್ಲ, ‘ಮುಂದಿನ ತಿಂಗಳು ತುಂಬಿಸಿಡೋಣ’ ಅಂದ್ಕೊಂಡಿರ್ತಾರೆ. ರಸೀದೀಲಿ ‘ಇಟ್ಟಿದ್ದು, ಮಾರಿಲ್ಲ’ ಅಂತ ಬರೀರಿ, ಸ್ಟಾಕ್ ಬೇರೆ ಕಡೆ ಪೇರಿಸಿ, ಯಾವಾಗ ಬಂದು ಎಣಿಸ್ತೀನಿ ಅಂದ್ರೂ ಬಾಗಿಲು ತೆಗೀರಿ.

ಹೋಂಸ್ಟೇ, ಚಿಕ್ಕದಾಗಿ

ಪ್ರವಾಸೋದ್ಯಮ ಇಲಾಖೇಲಿ ರಿಜಿಸ್ಟರ್ ಮಾಡಿ. ವಿದೇಶಿ ಗೆಸ್ಟ್ ಬಂದ್ರೆ 24 ಗಂಟೆಯೊಳಗೆ ಅವ್ರ ವಿವರ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಕೊಡಿ, ಫಾರ್ಮ್ ಸಿ ಅಂತ ಕರೀತಿದ್ದದ್ದು ಇದನ್ನೇ. ಗೆಸ್ಟ್‌ಗಳ ಆಧಾರ್ ಫೋಟೋ ನಿಮ್ಮ ವಾಟ್ಸಾಪ್‌ನಲ್ಲಿ ವರ್ಷಗಟ್ಟಲೆ ಬಿದ್ದಿರೋದು ಬೇಡ, ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೇಳಿ, ಕೆಲಸ ಮುಗಿದ ಮೇಲೆ ಅಳಿಸಿ. ರಿವ್ಯೂ ಬರೆಯೋಕೆ ತಂಗಿಗೆ, ಭಾವನಿಗೆ ಹೇಳ್ಬೇಡಿ. ಮಳೆಗಾಲದ ಬುಕಿಂಗ್‌ನಲ್ಲಿ ರೋಡ್ ಬಂದ್ ಆದ್ರೆ ದುಡ್ಡು ವಾಪಸ್ ಎಷ್ಟು ಅಂತ ಮೊದಲೇ ಬರೆದು ಕಳ್ಸಿ, 2018ರ ಆಗಸ್ಟ್‌ನ ಮಳೆ, ಭೂಕುಸಿತ ಆದ್ಮೇಲೂ ಇದನ್ನ ಯೋಚಿಸದೆ ಇರೋದು ನಮ್ಮ ತಪ್ಪು. ಟ್ಯಾಕ್ಸಿ ಡ್ರೈವರ್‌ಗೆ ಕಮಿಷನ್ ಕೊಟ್ಟು ಗಿರಾಕಿ ತರಿಸೋ ಅಂಗಡಿಯವ್ರು ಒಂದು ಪರೀಕ್ಷೆ ಮಾಡ್ಕೊಳ್ಳಿ, ಆ ಕಮಿಷನ್ ಎಷ್ಟು ಅಂತ ಬೋರ್ಡ್ ಮೇಲೆ ಬರೆಯೋಕಾಗತ್ತಾ? ಆಗಲ್ಲ ಅಂದ್ರೆ ಅದು ಗಿರಾಕಿಗೆ ಗೊತ್ತಾಗದೆ ಅವರ ಜೇಬಿಂದಲೇ ಹೋಗ್ತಿದೆ.

ತಪ್ಪಾದ ಮೇಲೆ

ಆಗತ್ತೆ. ಹೋದ ವರ್ಷ ಕಾಫಿ ಹುರಿದು ಪುಡಿ ಮಾಡಿಕೊಡೋ ರೋಸ್ಟರ್ ಕಡೆಯಿಂದ ಬಂದ ಒಂದು ಬ್ಯಾಚಲ್ಲಿ 70-30 ಬದಲು ಅರ್ಧರ್ಧ ಬಂದಿತ್ತು, ನಾನು ಚೆಕ್ ಮಾಡ್ದೆ 40 ಪ್ಯಾಕೆಟ್ ಮಾರಿದ್ದೆ. ಫೋನ್ ನಂಬರ್ ಇದ್ದ 23 ಜನಕ್ಕೆ ಫೋನ್ ಮಾಡಿ ದುಡ್ಡು ವಾಪಸ್ ಹಾಕಿದೆ, ಉಳಿದೋರಿಗೆ ಅಂಗಡಿ ಬಾಗಿಲಲ್ಲಿ ಚೀಟಿ ಅಂಟಿಸಿದೆ. ‘ನಮಗೆ ಗೊತ್ತೇ ಆಗ್ಲಿಲ್ಲ, ರುಚಿ ಚೆನ್ನಾಗೇ ಇತ್ತು’ ಅಂದ್ರು ಒಬ್ಬರು ಅಕ್ಕ. ದೂರು ಬಂದ್ರೆ ವಾದ ಮಾಡೋ ಮುಂಚೆ ಬಿಲ್ ನೋಡಿ, ವಾರದೊಳಗೆ ಉತ್ತರ ಕೊಡಿ. ಗ್ರಾಹಕರ ಸಹಾಯವಾಣಿ 1915 ಅನ್ನೋ ನಂಬರ್‌ನ ನೀವೇ ಕೌಂಟರ್ ಹತ್ರ ಬರೆದಿಡಿ.

ನಿಮಗೆ ಉಪ್ಪಿನಕಾಯಿ, ಜಾಮ್ ಮಾಡಿಕೊಡೋ ಮನೆ ಹೆಂಗಸರಿಗೆ ಟೈಮಿಗೆ ದುಡ್ಡು ಕೊಡಿ. ಉದ್ಯಮ್ ಅನ್ನೋ ಸರ್ಕಾರಿ ರಿಜಿಸ್ಟ್ರೇಷನ್ ಇರೋ ಸಣ್ಣ ತಯಾರಕರಿಗೆ ಒಪ್ಪಂದ ಇದ್ರೂ 45 ದಿನ ದಾಟಿಸೋ ಹಾಗಿಲ್ಲ. ರಿಜಿಸ್ಟ್ರೇಷನ್ ಇಲ್ದೇ ಇರೋರೇ ಜಾಸ್ತಿ, ಅವರು ಬಂದು ಕೇಳೋಕೂ ನಾಚಿಕೊಳ್ತಾರೆ.

ಪಲ್ಪರ್ ನೀರು

ಕೊನೆಗೆ ಇಟ್ಟಿದ್ದೀನಿ, ಯಾಕಂದ್ರೆ ಇದರಲ್ಲಿ ನಾನೇ ಫೇಲು. ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು, ತೊಳೆದು, ಒಣಗಿಸೋ ಕಾಫಿ) ಮಾಡೋರಿಗೆ ಗೊತ್ತು, ಪಲ್ಪರ್ ಅನ್ನೋ ಮಷೀನಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರಲ್ಲಿ ಸಕ್ಕರೆ ಅಂಶ, ಲೋಳೆ ತುಂಬಾ ಇರತ್ತೆ. ಅದು ಹುಳಿ ಬಂದು ತೋಡಿಗೆ ಸೇರಿದ್ರೆ ನೀರಲ್ಲಿರೋ ಆಕ್ಸಿಜನ್‌ನ ಎಳ್ಕೊಂಡುಬಿಡತ್ತೆ, ಮೀನು ಸಾಯತ್ತೆ, ವಾಸನೆ ಬರತ್ತೆ. ನಮ್ಮ ತೋಡು ಹೊಳೆಗೆ, ಹೊಳೆ ಕಾವೇರಿಗೆ. ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತರ್ತೀವಿ, ಡಿಸೆಂಬರ್ ರಾತ್ರಿ ಅದೇ ನೀರಿಗೆ ಪಲ್ಪರ್ ನೀರು ಬಿಡ್ತೀವಿ. ರಾತ್ರಿನೇ ಯಾಕೆ ಬಿಡ್ತಾರೆ ಅಂತ ಬಿಡಿಸಿ ಹೇಳ್ಬೇಕಾ.

ಮಾಡ್ಬೇಕಾದ್ದು ಕಷ್ಟ ಏನಲ್ಲ. ಕಮ್ಮಿ ನೀರಲ್ಲಿ ತೊಳೆಯೋದು, ತೊಳೆದ ನೀರನ್ನೇ ಮತ್ತೆ ಬಳಸೋದು, ಸಿಪ್ಪೆ ಬೇರೆ ಮಾಡಿ ಗೊಬ್ಬರಕ್ಕೆ ಹಾಕೋದು, ಉಳಿದ ನೀರಿಗೆ ಸುಣ್ಣ ಹಾಕಿ ಹುಳಿ ತೆಗೆದು ಸೋರದ ಹಾಗೆ ಶೀಟ್ ಹಾಕಿದ ಗುಂಡೀಲಿ ನಿಲ್ಲಿಸೋದು. ನಾನು ಎರಡು ವರ್ಷದಿಂದ ಸಣ್ಣ ಪಲ್ಪರಲ್ಲಿ ಸ್ವಲ್ಪ ಪಾರ್ಚ್‌ಮೆಂಟ್ ಮಾಡ್ತಿದ್ದೆ, ಗುಂಡಿ ಬರೀ ಮಣ್ಣಿಂದು. ಹೋದ ಡಿಸೆಂಬರ್‌ನಲ್ಲಿ ಅಕಾಲದ ಮಳೆ ಬಂದು ತುಂಬಿ ಪಕ್ಕದವ್ರ ಗದ್ದೆ ಕಡೆ ಹರೀತು. ಬೆಳಗ್ಗೆ ಹೋಗಿ ‘ಅಣ್ಣಾ, ಅದು ನಮ್ಮ ಗುಂಡಿ ನೀರು’ ಅಂದೆ. ‘ವಾಸನೇಲೇ ಗೊತ್ತಾಯ್ತು ಬಿಡು, ಯಾವಾಗ ಸರಿ ಮಾಡ್ತೀಯ ಹೇಳು’ ಅಂದ್ರು.

ಈ ಸೀಸನ್ ಪಲ್ಪರ್ ಸ್ಟಾರ್ಟ್ ಮಾಡಿಲ್ಲ, ಎಲ್ಲಾ ಚೆರ್ರಿನೇ ಒಣಗಿಸ್ತಿದ್ದೀನಿ. ಎರಡನೇ ಗುಂಡಿ ತೆಗೆದಾಗಿದೆ, ಶೀಟ್ ಹಾಕ್ಸೋದು ಬಾಕಿ ಇದೆ. ನೋಟ್‌ಬುಕ್‌ನಲ್ಲಿ ಪಕ್ಕದ ತೋಟದವ್ರ ಪೇಜಿಗೆ ಇನ್ನೂ ಟಿಕ್ ಬಿದ್ದಿಲ್ಲ.